ಬೂದಿಕಡ್ಡಿಯ ಕಾಯಿ

“ಸೀನಬೇಡಿ ಸಾಹೇಬ್ರೆ, ನಿಮ್ಮ ದಮ್ಮಯ್ಯ,” ಎಂದಳು ಅಂಟಕ್ಕ.

ನಶ್ಯದ ಸಾಹೇಬರು ಮೂಗನ್ನು ಎರಡು ಬೆರಳಲ್ಲಿ ಅದುಮಿ ಹಿಡಿದು, ಉಸಿರು ಕಟ್ಟಿ, ಚಾವಣಿಯತ್ತ ಮುಖ ಮಾಡಿ ನಿಂತರು. ಕಣ್ಣಲ್ಲಿ ನೀರು ಬಂತು. ಅವರ ಗದ್ದದಿಂದ ಒಂದು ಗೇಣು ಕೆಳಗೆ, ಮೇಜಿನ ಮೇಲೆ, ಬೆರಳುದ್ದದ ಕಾಗದದ ಪೊಟ್ಟಣವಿತ್ತು. ಅದರೊಳಗೆ ಇರುವುದು ಮೆಣಸಿನ ಕಾಳಿನಷ್ಟು ಗಾತ್ರದ ಒಂದೇ ಒಂದು ವಸ್ತು. ಸೀನಿದರೆ ಅದು ಈ ಉದ್ದನೆಯ ಕೋಣೆಯ ಯಾವ ಸಂದಿಗೆ ಹಾರುತ್ತದೋ ದೇವರೇ ಬಲ್ಲ.

ಸೀನು ಹಿಂದಕ್ಕೆ ಹೋಯಿತು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳರನ್ನು ಹಿಡಿದ ಮನುಷ್ಯ ಈಗ ಒಂದು ಸೀನನ್ನು ಹಿಡಿದು ಗೆದ್ದವರಂತೆ ಕರವಸ್ತ್ರ ತೆಗೆದರು. ನಿವೃತ್ತಿಯಾದ ಮೇಲೆ ವಕೀಲರೊಬ್ಬರಿಗೆ ಅಲ್ಲಿ ಇಲ್ಲಿ ವಿಚಾರಿಸಿ ಕೊಡುವುದು ಅವರ ಕೆಲಸ. ಅಂಟಕ್ಕನ ತಮ್ಮನ ಕೇಸೂ ಹಾಗೆಯೇ ಅವರ ಕೈಗೆ ಬಂದಿತ್ತು.

ಅಪರೂಪದ ಗಿಡ ಹುಡುಕಿ ಬೆಟ್ಟ ಅಲೆಯುತ್ತಿದ್ದ ಬೆಟ್ಟದ ಮೇಷ್ಟ್ರು ಬಂಡೆಯಿಂದ ಬಿದ್ದು ಸತ್ತು ಅಂದಿಗೆ ಎಂಟು ದಿನ; ಅವರ ಜೀಪು ಓಡಿಸುತ್ತಿದ್ದ ತಮ್ಮನೇ ತಳ್ಳಿದ್ದೆಂದು ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ನಾಳೆ ಹನ್ನೊಂದಕ್ಕೆ ಕೋರ್ಟು.

“ಇನ್ನೊಂದ್ಸಲ ಹೇಳಿ ತಾಯಿ,” ಎಂದರು ಸಾಹೇಬರು. “ಗಿಡ ಅಂದ್ರೆ ಹಸಿರಾಗಿರುತ್ತೆ ಅನ್ನೋದು ಬಿಟ್ಟು ನನಗೇನೂ ಗೊತ್ತಿಲ್ಲ.”

“ಇದು ಹಸಿರೂ ಅಲ್ಲ,” ಎಂದಳು ಅವಳು.

ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸುವುದು, ಅಂಟಿಗೆ ಬಗ್ಗದ ಕೊಂಬೆಯನ್ನು ದಾರದಲ್ಲಿ ಹೊಲಿಯುವುದು, ಯಾವ ಬೆಟ್ಟದ್ದು ಯಾರು ತಂದದ್ದೆಂದು ಮೂಲೆಯಲ್ಲಿ ಲೇಬಲ್ ಹಚ್ಚುವುದು: ಹದಿನೈದು ವರ್ಷದಿಂದ ಅವಳು ಮಾಡುತ್ತಿದ್ದುದು ಇದನ್ನೇ. ಹಾಗಾಗಿ ಸಸ್ಯ ಸಂಗ್ರಹಾಲಯದ ಈ ಕಚೇರಿಯಲ್ಲಿ ಅವಳ ಹೆಸರೇ ಅಂಟಕ್ಕ ಎಂದಾಗಿತ್ತು. ಗಿಡದಿಂದ ಉದುರಿದ್ದು ಎಸಳಿರಲಿ, ಬೀಜವಿರಲಿ, ಧೂಳಿನಂಥ ಚೂರಿರಲಿ, ಬಿಸಾಡುವಂತಿಲ್ಲ. ಪೊಟ್ಟಣ ಕಟ್ಟಿ ಅದೇ ಹಾಳೆಗೆ ಅಂಟಿಸಬೇಕು. ಕೆಲಸಕ್ಕೆ ಸೇರಿದ ದಿನ ಸಂಸ್ಥೆಯ ಮುಖ್ಯಸ್ಥೆ ಮೇಡಂ ಕಲಿಸಿದ ಮೊದಲ ಪಾಠ ಅದು.

ಮೇಜಿನ ಮೇಲಿದ್ದ ಹಾಳೆಯಲ್ಲಿ ಒಂದು ಬೋಳು ಕೊಂಬೆ, ಅದರ ತುದಿಯಲ್ಲಿ ಬಿಳಿಯ ಸಣ್ಣ ಹೂಗಳ ಗುಂಪು. ಬೂದಿಕಡ್ಡಿ. ಒಣ ಬೆಟ್ಟಗಳ ಸುಣ್ಣಕಲ್ಲಿನ ಬಿರುಕಿನಲ್ಲಿ ಬೆಳೆಯುವ, ಮೊಣಕಾಲೆತ್ತರದ ಗಿಡ. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಬರೀ ಕಡ್ಡಿಗಳ ಕಂತೆ. ಕುರಿ ಕಾಯುವವರು ಒಲೆಗೆ ಮುರಿದುಕೊಂಡು ಹೋಗುತ್ತಾರೆ. ಮೊದಲ ಮಳೆ ಬಿದ್ದ ಮರುದಿನ ಎಲೆಗಿಂತ ಮುಂಚೆ ಹೂವು ಬರುತ್ತದೆ, ಐದು ದಿನ ಇದ್ದು ಉದುರುತ್ತದೆ. ಆಮೇಲೆ ಬೂದಿ ಬಣ್ಣದ ರೋಮವಿರುವ ಚಿಕ್ಕ ಎಲೆ, ಅದೂ ನಾಲ್ಕು ವಾರಕ್ಕೆ ಉದುರಿ ಮತ್ತೆ ಕಡ್ಡಿ.

“ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ,” ಎಂದಳು ಅಂಟಕ್ಕ. “ಲೋಕದಲ್ಲಿ ಈಗ ಉಳಿದಿರೋದು ಮೂರೇ ಗಿಡ, ಮೂರೂ ಗಂಡು. ಹೆಣ್ಣು ಇಲ್ಲ ಅಂದ್ಮೇಲೆ ಕಾಯಿ ಇಲ್ಲ, ಬೀಜ ಇಲ್ಲ. ಮೇಷ್ಟ್ರು ಇಪ್ಪತ್ತು ವರ್ಷ ಹೆಣ್ಣು ಗಿಡ ಹುಡುಕಿದ್ರು.”

“ಅವತ್ತು ಸಿಕ್ತು.”

“ಸಿಕ್ತು ಅಂತ ನನ್ನ ತಮ್ಮ ಹೇಳ್ತಾನೆ.”

ನಿನ್ನೆ ಸಂಜೆ ಮೊದಲ ಬಾರಿಗೆ ಅವನನ್ನು ನೋಡಲು ಬಿಟ್ಟಿದ್ದರು. ಸರಳುಗಳ ಹಿಂದೆ ಕುಳಿತು ಅವನು ಹೇಳಿದ್ದು ಇಷ್ಟು. ಮೇಷ್ಟ್ರು ಹಗ್ಗ ಹಿಡಿದು ಒಬ್ಬರೇ ಬಂಡೆ ಹತ್ತಿದರು. ಮಧ್ಯಾಹ್ನ ಇಳಿದು ಬಂದು ಅಂಗೈ ಬಿಚ್ಚಿ ತೋರಿಸಿದರು: ಹೋದ ವರ್ಷದ ಮಳೆಯಲ್ಲಿ ಕಟ್ಟಿ, ಕೊಂಬೆಯಲ್ಲೇ ಒಣಗಿ ನಿಂತಿದ್ದ ಒಂದು ಕಾಯಿ. ಇರುವ ಒಂದೇ ಹೆಣ್ಣು ಗಿಡದ ಕೊಂಬೆ ಕತ್ತರಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ. ಕಾಯಿ ನೋಡುತ್ತ ಅತ್ತರು. ಬೆಳಿಗ್ಗೆ ಕತ್ತರಿಸಿದ್ದ ಗಂಡು ಕೊಂಬೆಯ ಜೊತೆಗೇ ಅದನ್ನು ಕಾಗದದ ಮಡಿಕೆಯಲ್ಲಿಟ್ಟು, ಗಿಡ ಒತ್ತುವ ಹಲಗೆ ಬಿಗಿದು ಅವನ ಕೈಗೆ ಕೊಟ್ಟರು. “ರಸ್ತೆಗೆ ಹೋಗಿ ಮೇಡಂಗೆ ಫೋನ್ ಮಾಡು. ಕಾಯಿ ಸಿಕ್ಕಿದೆ, ತಕ್ಷಣ ಬನ್ನಿ ಅನ್ನು. ಅವರು ಬರೋವರೆಗೂ ಅಲ್ಲೇ ಕಾಯ್ತಿರು,” ಎಂದು ಮತ್ತೆ ಮೇಲೆ ಹೋದರು.

ತಮ್ಮ ಫೋನ್ ಮಾಡಿದ. ಸಂಜೆವರೆಗೂ ಕಾದ. ಯಾರೂ ಬರಲಿಲ್ಲ. ಹೋಗಿ ನೋಡಿದರೆ ಮೇಷ್ಟ್ರು ಬಂಡೆಯ ಬುಡದಲ್ಲಿ ಬಿದ್ದಿದ್ದರು.

ಮೇಡಂ ಪೊಲೀಸರಿಗೆ ಹೇಳಿದ್ದೇ ಬೇರೆ. ಕಾಯಿ ಗೀಯಿ ಸುದ್ದಿಯೇ ಇಲ್ಲ. ಮೇಷ್ಟ್ರ ಜೊತೆ ಜಗಳವಾಯಿತೆಂದು ಹುಡುಗ ಫೋನಿನಲ್ಲಿ ಕೂಗಾಡಿದ. ಎರಡು ನಿಮಿಷದ ಕರೆ, ಕೇಳಿಸಿಕೊಂಡ ಮೂರನೆಯವರಿಲ್ಲ. ಇತ್ತ ಡ್ರೈವರು, ಅತ್ತ ಸಂಸ್ಥೆಯ ಮುಖ್ಯಸ್ಥೆ. ಯಾರ ಮಾತು ನಿಲ್ಲುತ್ತದೆ ಎನ್ನಲು ಪತ್ತೇದಾರ ಬೇಕಿಲ್ಲ.

“ಮೇಡಂ ಯಾಕೆ ಸುಳ್ಳು ಹೇಳ್ತಾರೆ?” ಎಂದು ಸಾಹೇಬರು ಕೇಳಿದರು.

“ಈ ಗಿಡಕ್ಕೆ ಬೀಜವೇ ಇಲ್ಲ, ಇವತ್ತಲ್ಲ ನಾಳೆ ತಾನಾಗೇ ಅಳಿಯುತ್ತೆ, ಬೆಟ್ಟದಲ್ಲಿ ಕಲ್ಲು ಒಡೆಯೋಕೆ ಅಡ್ಡಿಯಿಲ್ಲ ಅಂತ ಹೋದ ವರ್ಷ ವರದಿ ಬರೆದವರು ಅವರೇ. ಒಂದು ಕಾಯಿ ಸಿಕ್ಕಿದ್ರೆ ಆ ವರದಿ ನಿಲ್ಲಲ್ಲ.”

ಇದನ್ನು ಹೇಳುವಾಗ ಅವಳ ದನಿ ತಗ್ಗಿತು. ಅಪ್ಪ ತೀರಿಕೊಂಡಾಗ ಅವಳನ್ನು ಕರೆದು ಈ ಕೆಲಸ ಕೊಟ್ಟವರು ಮೇಡಂ. ತಮ್ಮನನ್ನು ಓದಿಸಿದವರು, ಅಮ್ಮನ ಎದೆನೋವಿಗೆ ಡಾಕ್ಟರನ್ನು ಗೊತ್ತು ಮಾಡಿದವರು ಅವರೇ. ಉಂಡ ಮನೆಯ ಗಳ ಎಣಿಸುತ್ತಿದ್ದೇನೆ ಎಂದು ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಹಲಗೆಗಳ ನಡುವಿನ ಒಣ ಕಡ್ಡಿ ಪುರಲೆ ಪೊಲೀಸರಿಗೆ ಬೇಡವಾಗಿ ಎರಡೇ ದಿನದಲ್ಲಿ ಕಚೇರಿಗೆ ಮರಳಿತ್ತು. ಮರುದಿನ ಕೊಂಬೆಯನ್ನು ಅಂಟಿಸುವಾಗ ಕಾಗದದ ಮಡಿಕೆಯಿಂದ ರೋಮವಿದ್ದ ಒಂದು ಕಾಳು ಉರುಳಿತು. ಬೂದಿಕಡ್ಡಿಗೆ ಕಾಯಿ ಇರುವುದಿಲ್ಲ ಎಂದು ಹದಿನೈದು ವರ್ಷದಿಂದ ಕೇಳಿದ್ದವಳು ಅದನ್ನು ಕೀಟ ಮೊಟ್ಟೆಯಿಟ್ಟಾಗ ಕೊಂಬೆಯಲ್ಲಿ ಊದಿಕೊಳ್ಳುವ ಗಂಟು ಎಂದುಕೊಂಡಳು. ಪೊಟ್ಟಣ ಕಟ್ಟಿದಳು, ಮೇಲೆ ಪೆನ್ಸಿಲಿನಲ್ಲಿ ‘ಕೀಟದ ಗಂಟು’ ಎಂದು ಬರೆದಳು. ಹುಳ ಸಾಯಲೆಂದು ಹಾಳೆ ಫ್ರೀಜರಿಗೆ ಹೋಯಿತು. ಅದರ ಬೀಗದ ಕೈ ಮೇಡಂ ಹತ್ತಿರ. ಇವತ್ತು ಬೆಳಿಗ್ಗೆ ಹಾಳೆ ಹೊರಗೆ ಬಂದಿತ್ತು.

“ಕೊಯ್ದು ನೋಡೋಣ,” ಎಂದರು ಸಾಹೇಬರು. “ಒಳಗೆ ಬೀಜ ಇದ್ರೆ?”

“ನನ್ನ ತಮ್ಮ ಹೇಳಿದ್ದು ನಿಜ.”

ಅವಳು ಪೊಟ್ಟಣ ಬಿಚ್ಚಿ, ಕಾಳನ್ನು ಗಾಜಿನ ಬಟ್ಟಲಿಗೆ ಸರಿಸಿ, ಬ್ಲೇಡು ಹಿಡಿದಳು. ಅಷ್ಟು ವರ್ಷದ ಅಭ್ಯಾಸದ ಕೈ. ಕಾಳು ಎರಡು ಹೋಳಾಯಿತು.

ಭೂತಗನ್ನಡಿಯ ಕೆಳಗೆ ಬೀಜ ಇರಲಿಲ್ಲ. ಪೊಳ್ಳು ಕೋಣೆ, ಅದರ ಗೋಡೆಯಲ್ಲಿ ಹುಳ ಕೊರೆದು ಹೊರಬಿದ್ದ ತೂತು.

“ಗಂಟು,” ಎಂದಳು ಅಂಟಕ್ಕ.

ಬೆಟ್ಟ ಅಗೆದು ಇಲಿ ಹಿಡಿದಂತೆ ಎನ್ನುತ್ತಾರಲ್ಲ, ಇಲ್ಲಿ ಆ ಇಲಿಯೂ ಸಿಕ್ಕಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ತಮ್ಮ ಸುಳ್ಳು ಹೇಳಿದನೇ? ಒಂದು ಕ್ಷಣ, ಒಂದೇ ಕ್ಷಣ, ಅವಳು ಹಾಗೆ ಅಂದುಕೊಂಡದ್ದು ನಿಜ.

ಆಮೇಲೆ ಅವಳ ಕಣ್ಣು ಬಿಚ್ಚಿದ ಪೊಟ್ಟಣದ ಮೇಲೆ ಬಿತ್ತು. ಕಾಗದದ ಗೆರೆಗಳನ್ನು ಬೆರಳಿನಿಂದ ಸವರಿದಳು.

“ನಾನು ಎಡಗೈಯವಳು ಸಾಹೇಬ್ರೆ. ಪೊಟ್ಟಣ ಮಡಿಸುವಾಗ ಎಡ ಅಂಚು ಮೇಲೆ ಬರುತ್ತೆ. ಇದರಲ್ಲಿ ಬಲ ಅಂಚು ಮೇಲಿತ್ತು. ಯಾರೋ ಬಿಚ್ಚಿ ಮತ್ತೆ ಮಡಿಸಿದಾರೆ.”

“ಬಿಚ್ಚಿದ್ದು ನಾನೇ.”

ಬಾಗಿಲಲ್ಲಿ ಮೇಡಂ ನಿಂತಿದ್ದರು. ನೆರೆತ ಕೂದಲು, ಕೊರಳಿನ ದಾರಕ್ಕೆ ಕಟ್ಟಿದ ಕನ್ನಡಕ, ಎಂದಿನಂತೆ ಮೈಯಿಂದ ನುಸಿಗುಳಿಗೆಯ ವಾಸನೆ. ಅವರು ಸಾವಕಾಶವಾಗಿ ಬಂದು ಬಟ್ಟಲಿನೊಳಗೆ ಬಗ್ಗಿ ನೋಡಿದರು.

“ಗಂಟೇ ಅಲ್ವೇನೇ ಮರಿ? ನೀನೇ ಬರೆದಿದ್ದೆಯಲ್ಲ.”

ಅಂಟಕ್ಕ ಎದ್ದು ನಿಂತಳು. ಎದ್ದು ನಿಂತದ್ದಕ್ಕೆ ತನ್ನ ಮೇಲೇ ಅವಳಿಗೆ ಕೋಪ ಬಂತು.

“ಯಾಕೆ ಬಿಚ್ಚಿದ್ರಿ ಮೇಡಂ?” ಎಂದು ಸಾಹೇಬರು ಕೇಳಿದರು.

“ಪ್ರತಿ ಹಾಳೆ ತಪಾಸಣೆ ಮಾಡೋದು ನನ್ನ ಕೆಲಸ. ಮಾಡದಿದ್ರೆ ನೀವು ಯಾಕೆ ಮಾಡಿಲ್ಲ ಅಂತ ಕೇಳ್ತಿದ್ರಿ.”

“ಮೇಷ್ಟ್ರು ಸತ್ತ ದಿನ ಮಧ್ಯಾಹ್ನ ಎಲ್ಲಿದ್ರಿ?”

“ನನ್ನ ಕೋಣೇಲಿ. ಬಾಗಿಲು ಹಾಕ್ಕೊಂಡು ಬರೀತಿದ್ದೆ.”

“ಯಾರು ನೋಡಿದ್ರು?”

“ಬಾಗಿಲು ಹಾಕಿದ ಮೇಲೆ ಯಾರು ನೋಡ್ತಾರೆ?” ಮೇಡಂ ಮೊದಲ ಬಾರಿಗೆ ಸಾಹೇಬರನ್ನು ನೇರವಾಗಿ ನೋಡಿದರು. “ಮೇಷ್ಟ್ರು ನನ್ನ ಜೊತೆ ಓದಿದವರು. ಮೂವತ್ತು ವರ್ಷದ ಹಿಂದೆ ಆ ಬೆಟ್ಟಾನ ನಾವಿಬ್ರೂ ಒಟ್ಟಿಗೇ ಹತ್ತಿದ್ವಿ. ಅವರು ಹೋದ್ರು ಅಂತ ನನಗಿಂತ ಹೆಚ್ಚು ಅತ್ತವರು ಈ ಊರಲ್ಲಿ ಇಲ್ಲ. ಬರ್ಕೊಳ್ಳಿ ಅದನ್ನೂ.”

ಅದು ಸುಳ್ಳೆಂದು ಅಂಟಕ್ಕನಿಗೆ ಅನ್ನಿಸಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

“ಮೇಡಂ, ಅವನು ಫೋನಲ್ಲಿ ಕಾಯಿ ಅಂದಿದ್ದು ನಿಜ ತಾನೆ?” ಎಂದು ಕೇಳಿದಳು ಅವಳು. “ಕೋರ್ಟಿಗೆ ಹೇಳ್ಬೇಡಿ. ನನಗೊಬ್ಬಳಿಗೆ ಹೇಳಿ ಸಾಕು.”

ಮೇಡಂ ಕೈ ಚಾಚಿ ಅವಳ ಭುಜದ ಮೇಲಿದ್ದ ದಾರದ ಚೂರನ್ನು ತೆಗೆದರು. “ನಿನ್ನೆ ಸಂಜೆ ನೀನು ಅವನನ್ನ ನೋಡೋಕೆ ಹೋದಾಗ ನಿಮ್ಮಮ್ಮನ ಹತ್ರ ಕೂತಿದ್ದು ಬಂದೆ. ತುಂಬಾ ಇಳಿದುಹೋಗಿದಾರೆ. ಅವರನ್ನ ನೋಡ್ಕೋ. ಆಗದ್ದರ ಹಿಂದೆ ಬೀಳಬೇಡ.”

ಅವರು ಹೊರಟುಹೋದರು. ಅವರ ಕಾರು ಗೇಟು ದಾಟಿದ ಸದ್ದು ಕೇಳಿಸಿತು. ಸಾಹೇಬರು ಈಗ ಧೈರ್ಯವಾಗಿ ಎರಡು ಸಲ ಸೀನಿದರು.

“ಅವರು ತಪ್ಪಿಸಿಕೊಂಡ್ರು ತಾಯಿ. ನಿಮ್ಮ ಕೈಬರಹ, ನಿಮ್ಮ ‘ಕೀಟದ ಗಂಟು’. ಅಳಿಸಿ ಬೇರೆ ಬರೆಯೋಕಾಗಲ್ವಾ?”

“ಹಾಳೆ ಮೇಲೆ ಒಂದ್ಸಲ ಬರೆದಿದ್ದನ್ನ ಅಳಿಸೋ ಹಾಗಿಲ್ಲ. ಅದು ಎರಡನೇ ಪಾಠ.”

ಮಾತು ಮುಗಿಯುವ ಮೊದಲೇ ಅವಳು ಮತ್ತೆ ಭೂತಗನ್ನಡಿಗೆ ಬಗ್ಗಿದಳು. ಹೋಳಾದ ಗಂಟಿನ ಮೇಲಿನ ರೋಮ ನೋಡಿದಳು. ಪಕ್ಕದ ಕೊಂಬೆಯ ಮೊಗ್ಗಿನ ಮೇಲಿನ ರೋಮ ನೋಡಿದಳು. ಕೊಂಬೆಯದು ಬೂದಿ ಬಣ್ಣ. ಗಂಟಿನದು ಹಳೇ ಚಹಾದ ಕಂದು.

“ಬೂದಿಕಡ್ಡಿಯ ರೋಮ ಕಂದಾಗೋಕೆ ಇಪ್ಪತ್ತು ಮೂವತ್ತು ವರ್ಷ ಬೇಕು,” ಎಂದಳು ಮೆಲ್ಲಗೆ. “ಎಂಟು ದಿನದ ಹಾಳೇಲಿ ಮೂವತ್ತು ವರ್ಷದ ಗಂಟಿದೆ.”

“ಬದಲಾಯಿಸಿದಾರೆ?”

“ಪೊಟ್ಟಣದಲ್ಲಿ ಗಂಟಿರೋ ಹಳೇ ಹಾಳೆ ಇಲ್ಲಿ ಒಂದೇ. ಮೇಡಂ ಮತ್ತು ಮೇಷ್ಟ್ರು ಓದ್ತಿದ್ದಾಗ ಸೇರಿ ತಂದಿದ್ದು.” ಅವಳ ಮುಖಕ್ಕೆ ರಕ್ತ ಬಂತು. “ಸಾಹೇಬ್ರೆ, ಅವರು ಕಾಯಿನ ಬಿಸಾಡಿರಲ್ಲ. ಧೂಳು ಕೂಡ ಬಿಸಾಡಬೇಡ ಅಂತ ಕಲಿಸಿದವರು ಅವರು. ಆ ಕೈಗೆ ಅದು ಸಾಧ್ಯ ಇಲ್ಲ. ಗಂಟು ತೆಗೆದ ಪೊಟ್ಟಣಕ್ಕೇ ಕಾಯಿ ಇಟ್ಟಿರ್ತಾರೆ.”

ಕೋಣೆಯ ಕೊನೆಯ ಸಾಲಿನಲ್ಲಿ ಹಳೆಯ ಕಬ್ಬಿಣದ ಬೀರುಗಳು. ಬೆಟ್ಟದ ಸಾಲಿನ ಪ್ರಕಾರ ಕಟ್ಟು ಕಟ್ಟಾಗಿ ಹಾಳೆ ಜೋಡಿಸಿದ್ದರು. ಒಂದೊಂದೇ ಕಟ್ಟು ಇಳಿಸಿ, ಬಿಚ್ಚಿ, ಹಾಳೆ ಮುರಿಯದಂತೆ ತಿರುವುತ್ತ ಹೋಗಬೇಕು. ಅವಸರ ಮಾಡುವಂತಿಲ್ಲ. ಸಾಹೇಬರು ಕಟ್ಟು ಹೊತ್ತರು, ಅವಳು ತಿರುವಿದಳು. ಒಂದು ಗಂಟೆ ಮೇಲಾಯಿತು.

ಆ ಹಾಳೆಯ ಜಾಗ ಸಿಕ್ಕಿತು. ಹಾಳೆ ಇರಲಿಲ್ಲ. ಬದಲಿಗೆ ಒಂದು ಹಳದಿ ಚೀಟಿ ಇತ್ತು.

ಹಾಳೆಯನ್ನು ಯಾರಾದರೂ ಹೊರಗೆ ಒಯ್ದರೆ ಅದರ ಜಾಗದಲ್ಲಿ ಹಳದಿ ಚೀಟಿ ಇಡುವುದು ಕಚೇರಿಯ ನಿಯಮ. ಒಯ್ದ ದಿನ: ನಿನ್ನೆ. ಒಯ್ದ ಜಾಗ: ಮನೆ. ಕೆಳಗೆ ಅಂಟಕ್ಕನ ಸಹಿ.

“ಇದು ನಿಮ್ಮ ಸಹಿ ತಾನೆ?” ಸಾಹೇಬರ ದನಿ ಬದಲಾಗಿತ್ತು.

“ನನ್ನದೇ.”

“ನಕಲು ಅಲ್ವಾ?”

“ಅಲ್ಲ. ನಾನೇ ಹಾಕಿದ್ದು.”

ಮೇಡಂಗೆ ಚೀಟಿ ಬರೆಯುವುದೆಂದರೆ ಬೇಸರ. ಅದಕ್ಕೆ ಅಂಟಕ್ಕ ಪ್ರತಿ ಸೋಮವಾರ ಇಪ್ಪತ್ತು ಖಾಲಿ ಚೀಟಿಗಳಿಗೆ ಸಹಿ ಮಾಡಿ ಅವರ ಮೇಜಿನ ಖಾನೆಯಲ್ಲಿ ಇಡುತ್ತಿದ್ದಳು. ಯಾರೂ ಕೇಳಿರಲಿಲ್ಲ; ತಾನಾಗಿಯೇ ಮಾಡಿದ ಸೇವೆ. ಹದಿನೈದು ವರ್ಷ ತನ್ನ ಕೈಯಾರೆ ಗುಂಡಿ ತೋಡಿ, ದಿನವೂ ಅದರ ಅಂಚನ್ನು ಒರೆಸಿ ಚೊಕ್ಕಟ ಇಟ್ಟಿದ್ದಳು.

ನಿನ್ನೆ ಮೇಡಂ ಮನೆಗೆ ಬಂದದ್ದು, ಸುಸ್ತಾಗಿದೆ ಎಂದು ಒಳಕೋಣೆಯಲ್ಲಿ ಒಂದು ಗಳಿಗೆ ಮಲಗಿದ್ದು, ಅಮ್ಮ ಅದನ್ನು ಹೆಮ್ಮೆಯಿಂದ ಹೇಳಿದ್ದು ಎಲ್ಲ ಈಗ ಸಾಲಾಗಿ ಬಂದು ನಿಂತಿತು. ಮೇಡಂ ತಮ್ಮನ ವಿರುದ್ಧ ಹೇಳಿಕೆ ಕೊಟ್ಟದ್ದನ್ನು ಅವಳು ಅಮ್ಮನಿಗೆ ತಿಳಿಸಿರಲಿಲ್ಲ. ಎದೆನೋವಿನ ಹೆಂಗಸು, ಯಾಕೆ ಸುಮ್ಮನೆ ಎಂದುಕೊಂಡಿದ್ದಳು.

ಸಾಹೇಬರು ನಶ್ಯದ ಡಬ್ಬಿ ತೆಗೆದು, ಮುಚ್ಚಳ ತೆರೆಯದೆ ಜೇಬಿಗೆ ಹಾಕಿಕೊಂಡರು. “ಜಾಣೆ. ಕಾಯಿನ ಕೊಲ್ಲಲಿಲ್ಲ, ಅದರ ಸಾಕ್ಷಿನ ಕೊಂದ್ರು. ಆರೋಪಿಯ ಅಕ್ಕನ ಮನೇಲಿ ಸಿಕ್ಕಿದ್ದು ಅಂದ್ರೆ ಯಾವ ಜಡ್ಜು ನಂಬ್ತಾರೆ?”

“ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಗಿಡ ಬರೀ ಹುಲ್ಲು,” ಎಂದಳು ಅಂಟಕ್ಕ. “ಮೂರನೇ ಪಾಠ.”

“ಬೆಟ್ಟಕ್ಕೇ ಹೋಗಿ ಆ ಹೆಣ್ಣು ಗಿಡ ಹುಡುಕಿದ್ರೆ?”

“ಹೂವು ಐದೇ ದಿನ. ಇವತ್ತು ಎಂಟು. ಈಗ ಗಂಡಲ್ಲೂ ಬರೀ ಎಲೆ, ಹೆಣ್ಣಲ್ಲೂ ಬರೀ ಎಲೆ, ಗುರುತು ಸಿಗಲ್ಲ. ಇದ್ದ ಒಂದು ಕಾಯಿನ ಮೇಷ್ಟ್ರೇ ಕಿತ್ಕೊಂಡ್ರು. ಜಾಗ ಗೊತ್ತಿದ್ದದ್ದೂ ಅವರೊಬ್ಬರಿಗೆ.”

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಅಮ್ಮ.

“ಪೊಲೀಸ್ರು ಬಂದು ಹೋದ್ರು ಕಣೇ. ನಿನ್ನ ಮಂಚದ ಕೆಳಗೆ ಏನೋ ದೊಡ್ಡ ಹಾಳೆ ಇತ್ತು, ತಗೊಂಡು ಹೋದ್ರು. ನೀನು ಕಚೇರಿಯಿಂದ ಕದ್ದು ತಂದಿದೀಯಂತೆ. ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಅಂದೆ.”

“ಅಮ್ಮ, ಹಾಳೆ ಮೇಲೆ ಒಂದು ಪೊಟ್ಟಣ ಇತ್ತಾ?”

“ಇತ್ತು. ಪೇದೆ ಬಿಚ್ಚಿ ಕೊಡವಿದ. ಒಂದು ಕಾಳು ಕೆಳಗೆ ಬಿತ್ತು, ಮೆಣಸಿನ ಕಾಳಿನ ಥರ. ಅವನು ನೋಡ್ಲೂ ಇಲ್ಲ, ಖಾಲಿ ಅಂತ ಬರ್ಕೊಂಡ.”

ಅಂಟಕ್ಕ ಬೀರುವಿನ ಅಂಚು ಹಿಡಿದುಕೊಂಡಳು. “ಆ ಕಾಳೆಲ್ಲಿ?”

“ಗುಡಿಸಿದೆ. ಎಂದಿನ ಹಾಗೆ ಕಸ ಎಲ್ಲಾ ಗುಲಾಬಿ ಕುಂಡಕ್ಕೆ ಹಾಕಿ ಒಂದು ಚೊಂಬು ನೀರು ಹೊಯ್ದೆ. ಯಾಕೆ?”

ಸಾಹೇಬರು ಫೋನಿಗೆ ಕಿವಿ ಹಚ್ಚಿ ನಿಂತಿದ್ದವರು ಅವಳ ತೋಳು ಹಿಡಿದರು. “ತಾಯಿ, ಕಾಯಿ ಉಳಿದಿದೆ. ಇದುವರೆಗೆ ಯಾರೂ ಕಾಣದ ಕಾಯಿನ ನೀವು ಎಲ್ಲಿಂದ ತಂದು ಸುಳ್ಳು ಸೃಷ್ಟಿ ಮಾಡ್ತೀರಿ? ಬೇರೆ ಊರಿನ ಪಂಡಿತರೊಬ್ಬರು ನೋಡಿ, ಇದು ಬೂದಿಕಡ್ಡೀದೇ ಅಂದ್ರೆ ಸಾಕು, ನಿಮ್ಮ ತಮ್ಮನ ಮಾತು ನಿಲ್ಲುತ್ತೆ. ಕುಂಡ ಯಾರೂ ಮುಟ್ಟಬಾರದು, ಹೇಳಿ.”

ಎಂಟು ದಿನದಲ್ಲಿ ಮೊದಲ ಬಾರಿಗೆ ಅವಳ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು.

“ಅಮ್ಮ, ಆ ಕುಂಡಾನ ಒಳಗಿಟ್ಟು ಬಾಗಿಲು ಹಾಕ್ಕೋ. ನಾನು ಬರೋವರೆಗೂ ಯಾರಿಗೂ ಕೊಡಬೇಡ.”

“ಈಗ ತಾನೇ ಕೊಟ್ಟುಬಿಟ್ಟೆನಲ್ಲೇ,” ಎಂದರು ಅಮ್ಮ. “ನಿಮ್ಮ ಮೇಡಂ ಬಂದಿದ್ರು. ಪೊಟ್ಟಣ ಖಾಲಿ ಅಂತ ಪೊಲೀಸ್ರು ಹೇಳಿದ್ರಂತೆ, ಅದರಲ್ಲಿದ್ದ ಕಾಳು ಎಲ್ಲಿ ಅಂತ ಕೇಳಿದ್ರು, ಕುಂಡ ತೋರಿಸಿದೆ. ಬೇಕು ಅಂದ್ರು. ನಮಗೆ ಅನ್ನಕ್ಕೆ ದಾರಿ ಮಾಡಿಕೊಟ್ಟವರಿಗೆ ಒಂದು ಕುಂಡ ಇಲ್ಲ ಅನ್ನೋಕಾಗುತ್ತಾ?”

ಬೈಯುವುದಾದರೂ ಯಾರನ್ನು?

“ಕುಂಡ ತಬ್ಕೊಂಡು ಅಳ್ತಾ ಇದ್ರು ಕಣೇ, ಪಾಪ,” ಎಂದರು ಅಮ್ಮ. “ಯಾಕೆ ಅಂತ ಕೇಳಿದ್ರೆ ಹೇಳ್ಲಿಲ್ಲ. ಎಷ್ಟು ನೀರು ಹಾಕಿದ್ರಿ ಅಂತ ಅದೊಂದೇ ಕೇಳಿದ್ರು. ಕಾರು ಊರ ಕಡೆ ತಿರುಗ್ಲಿಲ್ಲ. ಬೆಟ್ಟದ ರಸ್ತೆ ಹಿಡೀತು.”